ಗಾಮಾ ಕಿರಣಕ್ಕೆ ಲಗಾಮು: ಅಳತೆಯ ಪಾಲಿಮರ್ ಬೆಳೆಸುವ ಬಗೆ

ಮೊನೊಮರ್ ಎಂಬ ಸಣ್ಣ ಅಣುಗಳು ಕೊಂಡಿಗಳಂತೆ ಸೇರಿ ಪಾಲಿಮರ್ ಸರಪಳಿ ಬೆಳೆಯತೊಡಗಲು ರ‍್ಯಾಡಿಕಲ್ (ಜೋಡಿಯಿಲ್ಲದ ಎಲೆಕ್ಟ್ರಾನ್ ಇರುವ ಚುರುಕು ಕಣ) ಬೇಕು. ಸಾಮಾನ್ಯವಾಗಿ ಎಐಬಿಎನ್‌ನಂಥ ರಾಸಾಯನಿಕವನ್ನು 60–70 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಅದನ್ನು ಪಡೆಯುತ್ತಾರೆ. ವಿಕಿರಣಶೀಲ ಕೋಬಾಲ್ಟ್-60ರ ಗಾಮಾ ಕಿರಣ ಹಾಯಿಸಿದರೆ ಕಾಯಿಸುವುದೂ ಬೇಡ, ಎಐಬಿಎನ್ ಕೂಡ ಬೇಡ. ಆದರೆ ಕಿರಣಕ್ಕೆ ರ‍್ಯಾಡಿಕಲ್ ಹುಟ್ಟಿಸುವುದಷ್ಟೇ ಗೊತ್ತು, ಅಳತೆ ಗೊತ್ತಿಲ್ಲ. ಅಳತೆ ಕಾಯುವುದು 1998ರಲ್ಲಿ ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ವಿಜ್ಞಾನಿಗಳು ಪ್ರಕಟಿಸಿದ ರಾಫ್ಟ್ ವಿಧಾನದ ಗಂಧಕಯುಕ್ತ ನಿಯಂತ್ರಕ. ಬೆಳೆಯುವ ತುದಿಯನ್ನು ಅದು ಹಿಡಿಯುತ್ತದೆ, ಬಿಡುತ್ತದೆ, ಇನ್ನೊಂದು ಸರಪಳಿಗೆ ಸರದಿ ಕೊಡುತ್ತದೆ. ಹಾಗಾಗಿ ಎಲ್ಲವೂ ಹೆಚ್ಚುಕಡಿಮೆ ಒಂದೇ ಉದ್ದಕ್ಕೆ ಬರುತ್ತವೆ.

ಮೊದಲು ಕಾಗದದ ಮೇಲೆ ಲೆಕ್ಕ. ಮೀಥೈಲ್ ಅಕ್ರಿಲೇಟ್ ಎಂಬ ಮೊನೊಮರ್‌ನ 200 ಅಣುಗಳಿಗೆ ಡೈಬೆಂಜೈಲ್ ಟ್ರೈಥಯೋಕಾರ್ಬೊನೇಟ್ ಎಂಬ ನಿಯಂತ್ರಕದ ಒಂದು ಅಣು ಎಂದಿಟ್ಟುಕೊಳ್ಳಿ. ಅರ್ಧದಷ್ಟು ಮೊನೊಮರ್ ಖರ್ಚಾದಾಗ ಸರಪಳಿಗೆ 100 ಕೊಂಡಿ. ಒಂದೊಂದರ ತೂಕ 86, ನಿಯಂತ್ರಕದ್ದು 290. ಅಣುತೂಕ ಸುಮಾರು 8,900.

ಅಂಗಡಿಯಿಂದ ಬಂದ ಮೊನೊಮರ್‌ನಲ್ಲಿ ಅದು ತಾನಾಗಿ ಗಟ್ಟಿಯಾಗದಂತೆ ತಡೆಯುವ ಪದಾರ್ಥ ಬೆರೆತಿರುತ್ತದೆ. ಅಲ್ಯೂಮಿನಾ ತುಂಬಿದ ಕೊಳವೆಯಲ್ಲಿ ಇಳಿಸಿದರೆ ಅದು ಹೋಗುತ್ತದೆ. ಬಳಿಕ ಅಷ್ಟೇ ಪ್ರಮಾಣದ ಈಥೈಲ್ ಅಸಿಟೇಟ್ ಮತ್ತು ಹಳದಿ ಬಣ್ಣದ ನಿಯಂತ್ರಕ ಸೇರಿಸಿ.

ಮುಂದಿನದು ಆಮ್ಲಜನಕವನ್ನು ಹೊರದೂಡುವ ಕೆಲಸ. ಬೇಸರದ ಕೆಲಸವೆಂದು ಇಲ್ಲಿ ಕೈ ಬಿಟ್ಟವರ ಪ್ರಯೋಗ ಇಲ್ಲಿಯೇ ಕೆಡುತ್ತದೆ, ಏಕೆಂದರೆ ಆಮ್ಲಜನಕ ರ‍್ಯಾಡಿಕಲ್‌ಗಳನ್ನು ನುಂಗಿಬಿಡುತ್ತದೆ. ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿ, ಪಂಪಿನಿಂದ ಗಾಳಿ ಎಳೆದು, ಕರಗಿಸಿ. ಮೂರು ಬಾರಿಯಾದರೂ ಮಾಡಿ ಗಾಜಿನ ಕೊಳವೆಯ ಬಾಯಿ ಮುಚ್ಚಿ.

ಈಗ ಕಿರಣ. ಭಾರತದ ಹಲವು ಪ್ರಯೋಗಾಲಯಗಳಲ್ಲಿರುವ, ಬ್ರಿಟ್ ಸಂಸ್ಥೆಯ ‘ಗಾಮಾ ಚೇಂಬರ್ 5000’ ಎಂಬ ಕಿರಣಯಂತ್ರ ಪೂರ್ಣ ಸಾಮರ್ಥ್ಯದಲ್ಲಿ ಗಂಟೆಗೆ ಸುಮಾರು 9 ಕಿಲೋಗ್ರೇ (ಹೀರಿಕೊಂಡ ವಿಕಿರಣದ ಅಳತೆ) ಕೊಡುತ್ತದೆ. ನಮಗೆ ಅಷ್ಟೊಂದು ಬೇಡ. ಡೋಸ್ ದರ, ಎಂದರೆ ಗಂಟೆಗೆ ತಗುಲುವ ಕಿರಣದ ಪ್ರಮಾಣ, ನಾಲ್ಕು ಪಟ್ಟಾದರೆ ಪಾಲಿಮರ್ ಬೆಳೆಯುವ ವೇಗ ಎರಡೇ ಪಟ್ಟಾಗುತ್ತದೆ, ಆದರೆ ರ‍್ಯಾಡಿಕಲ್‌ಗಳು ಒಂದಕ್ಕೊಂದು ಡಿಕ್ಕಿ ಹೊಡೆದು ಸಾಯುವ ಪ್ರಮಾಣ ನಾಲ್ಕು ಪಟ್ಟಾಗುತ್ತದೆ. ಅವಸರಕ್ಕೆ ತೆರುವ ಬೆಲೆ ಇದು. ಸೀಸದ ತಡೆ ಇರಿಸಿ ದರ ಇಳಿಸಿ. ಕೋಬಾಲ್ಟ್-60ರ ಅರ್ಧಾಯುಷ್ಯ 5.27 ವರ್ಷ, ಎಂದರೆ ತಿಂಗಳಿಗೆ ಶೇಕಡ 1ರಷ್ಟು ಶಕ್ತಿ ಕುಂದುತ್ತದೆ. ಹಳೆಯ ದರಪಟ್ಟಿಯನ್ನು ನಂಬಬೇಡಿ. ಚೇಂಬರನ್ನು ತರಬೇತಿ ಪಡೆದ, ಅಧಿಕೃತ ಸಿಬ್ಬಂದಿಯೇ ನಡೆಸಬೇಕು. ಅಂದ ಹಾಗೆ, ಗಾಮಾ ತಗುಲಿದ ಮಾದರಿ ವಿಕಿರಣಶೀಲವಾಗುವುದಿಲ್ಲ. ಹೊರತೆಗೆದ ಕೊಳವೆಯನ್ನು ಕಂಡು ದೂರ ಸರಿಯುವವರಿಗೆ ಇದನ್ನು ಪ್ರತಿ ಸಲವೂ ಹೇಳಬೇಕಾಗುತ್ತದೆ.

ಒಂದೇ ಬಗೆಯ ನಾಲ್ಕೈದು ಕೊಳವೆ ಇಟ್ಟು ಬೇರೆ ಬೇರೆ ಹೊತ್ತಿಗೆ ತೆಗೆಯಿರಿ. ಎನ್‌ಎಂಆರ್‌ನಲ್ಲಿ (ಅಣುರಚನೆ ತೋರಿಸುವ ಉಪಕರಣ) ಎಷ್ಟು ಮೊನೊಮರ್ ಖರ್ಚಾಯಿತೆಂದು ನೋಡಿ, ಉಳಿದದ್ದನ್ನು ತಣ್ಣನೆಯ ಹೆಕ್ಸೇನ್‌ಗೆ ಸುರಿದರೆ ಅಂಟಂಟಾದ ಪಾಲಿಮರ್ ತಳಕ್ಕಿಳಿಯುತ್ತದೆ. ಅದು ಹಳದಿಯಾಗಿಯೇ ಇದ್ದರೆ ಒಳ್ಳೆಯ ಲಕ್ಷಣ: ನಿಯಂತ್ರಕ ಸರಪಳಿಯಲ್ಲಿ ಉಳಿದಿದೆ. ಸರಪಳಿಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸುವ ಜಿಪಿಸಿ ಯಂತ್ರದಲ್ಲಿ ಅಣುತೂಕ ಖರ್ಚಿನ ಜೊತೆಗೇ ನೇರ ಗೆರೆಯಲ್ಲಿ ಏರಬೇಕು, ಹರಡುವಿಕೆ (ಉದ್ದಗಳ ಏರುಪೇರು; 1 ಎಂದರೆ ಎಲ್ಲವೂ ಸಮ) 1.2ರ ಆಸುಪಾಸಿನಲ್ಲಿರಬೇಕು.

ಕೊನೆಯ ಪರೀಕ್ಷೆ ಇನ್ನೂ ಕಠಿಣ. ಅದೇ ಪಾಲಿಮರ್‌ಗೆ ಬ್ಯೂಟೈಲ್ ಅಕ್ರಿಲೇಟ್ ಎಂಬ ಇನ್ನೊಂದು ಮೊನೊಮರ್ ಸೇರಿಸಿ ಮತ್ತೆ ಕಿರಣ ಹಾಯಿಸಿ. ಜಿಪಿಸಿ ನಕ್ಷೆಯ ಗುಡ್ಡ ಇಡಿಯಾಗಿ ದೊಡ್ಡ ತೂಕದ ಕಡೆಗೆ ಸರಿದರೆ ಸರಪಳಿಗಳು ಜೀವಂತವಾಗಿದ್ದವು. ಹಳೆಯ ಜಾಗದಲ್ಲೇ ಒಂದು ದಿಬ್ಬ ಉಳಿದರೆ ಅವು ಸತ್ತವು. ಹಾಗಿದ್ದರೆ ಡೋಸ್ ದರವನ್ನು ಇನ್ನಷ್ಟು ಇಳಿಸಿ ಮತ್ತೆ ಮಾಡಿ.