ನುಂಗಲು ಕಷ್ಟಪಡುವ ಮಗುವಿಗೆ ಊಟ ಮಾಡಿಸುವ ಬಗೆ

ಹಾಸನದ ಕಡೆಯ ಮನೆಗಳಲ್ಲಿ ಅಜ್ಜಿಯರು ಕಾಲು ಚಾಚಿ ಕುಳಿತು, ಮಗುವನ್ನು ಕಾಲ ಮೇಲೆ ಅಂಗಾತ ಮಲಗಿಸಿಕೊಂಡು, ಒಳಲೆಯಿಂದ ರಾಗಿ ಸರಿಯನ್ನು ಗಂಟಲಿಗಿಳಿಸುವುದನ್ನು ನಾವೆಲ್ಲ ಕಂಡಿದ್ದೇವೆ. ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಸ್ನಾಯುಗಳ ಹಿಡಿತ ತಪ್ಪುವ ಸ್ಥಿತಿ) ಇರುವ ನನ್ನ ಮಗನಿಗೂ ಎರಡು ವರ್ಷ ತುಂಬುವವರೆಗೆ ನಾವು ಹೀಗೆಯೇ ಉಣಿಸಿದೆವು. ಅವನು ಕೆಮ್ಮಿದಾಗಲೆಲ್ಲ ನೆತ್ತಿಗೆ ಹತ್ತಿತೆಂದು ತಲೆ ತಟ್ಟುತ್ತಿದ್ದೆವು. ಪದೇ ಪದೇ ಕಫ ಕಟ್ಟಿ ಜ್ವರ ಬಂದರೆ ಶೀತದ ಮೈ ಎಂದುಕೊಳ್ಳುತ್ತಿದ್ದೆವು. ಆಹಾರ ಹತ್ತುತ್ತಿದ್ದುದು ನೆತ್ತಿಗಲ್ಲ, ಇಳಿಯುತ್ತಿದ್ದುದು ಶ್ವಾಸಕೋಶಕ್ಕೆ ಎಂಬುದು ನಮಗೆ ತಿಳಿದದ್ದು ತಡವಾಗಿ.

ಗಂಟಲು ಉಸಿರಿಗೂ ಅನ್ನಕ್ಕೂ ಒಂದೇ ದಾರಿ. ನುಂಗುವ ಕ್ಷಣದಲ್ಲಿ ಶ್ವಾಸನಾಳದ ಬಾಯಿ ಮುಚ್ಚಿಕೊಳ್ಳಬೇಕು. ಅವಧಿಗೆ ಮುನ್ನ ಹುಟ್ಟಿದ ಮಕ್ಕಳಲ್ಲಿ, ಸೀಳಂಗುಳ, ಡೌನ್ ಸಿಂಡ್ರೋಮ್ ಅಥವಾ ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಲ್ಲಿ ಹೀರುವುದು, ಅಗಿಯುವುದು, ನುಂಗುವುದು ಇವುಗಳ ಹೊಂದಾಣಿಕೆ ತಪ್ಪುವುದುಂಟು. ಊಟದ ನಡುವೆ ಕೆಮ್ಮು, ಕಣ್ಣಲ್ಲಿ ನೀರು, ಗೊರಗೊರ ಎನ್ನುವ ಒದ್ದೆ ದನಿ, ಮೂಗಿನಿಂದ ಹಾಲು ಬರುವುದು, ತೂಕ ಏರದಿರುವುದು, ಮರುಕಳಿಸುವ ನ್ಯುಮೋನಿಯಾ ಇವು ಗಮನಿಸಬೇಕಾದ ಲಕ್ಷಣಗಳು. ಆಹಾರ ಶ್ವಾಸಕೋಶಕ್ಕಿಳಿದರೂ ಕೆಲವು ಮಕ್ಕಳು ಕೆಮ್ಮುವುದೇ ಇಲ್ಲ; ಆದ್ದರಿಂದ ಕೆಮ್ಮಿಲ್ಲವೆಂದು ನಿಶ್ಚಿಂತರಾಗುವಂತಿಲ್ಲ.

ಮೊದಲು ಸರಿಪಡಿಸಬೇಕಾದುದು ಕೂರುವ ಭಂಗಿ. ಬೆನ್ನು ನೆಟ್ಟಗಿರಲಿ, ಸೊಂಟಕ್ಕೂ ಪಾದಕ್ಕೂ ಆಸರೆಯಿರಲಿ, ಗದ್ದ ತುಸು ಕೆಳಗೆ ಬಾಗಿರಲಿ. ನಾವು ಗೋಡೆಯ ಮೂಲೆಗೆ ಕುರ್ಚಿಯಿಟ್ಟು, ಎರಡೂ ಪಕ್ಕಕ್ಕೆ ಸುರುಳಿ ಸುತ್ತಿದ ಟವೆಲ್ ಒತ್ತಿ, ಪಾದದಡಿ ಮಣೆ ಇಟ್ಟೆವು. ಉಣಿಸುವವರು ನಿಲ್ಲದೆ ಮಗುವಿನ ಎದುರಿಗೆ, ಅದರ ಕಣ್ಣಿನ ಮಟ್ಟದಲ್ಲಿ ಕುಳಿತುಕೊಳ್ಳಬೇಕು. ಚಮಚ ಮೇಲಿನಿಂದ ಬಂದರೆ ಮಗು ತಲೆಯೆತ್ತುತ್ತದೆ, ತಲೆಯೆತ್ತಿದರೆ ಶ್ವಾಸನಾಳ ಅಪಾಯಕ್ಕೆ ತೆರೆದುಕೊಳ್ಳುತ್ತದೆ. ಆಳವಿಲ್ಲದ ಸಣ್ಣ ಚಮಚದಲ್ಲಿ ಅರ್ಧ ಮಾತ್ರ ತುಂಬಿ, ನಾಲಿಗೆಯ ಮೇಲೆ ಮೆಲ್ಲಗೆ ಒತ್ತಿ, ಮಗು ತುಟಿ ಮುಚ್ಚುವವರೆಗೆ ಕಾದು ನೇರವಾಗಿ ಹೊರತೆಗೆಯಿರಿ. ನುಂಗಿದ್ದನ್ನು ಕಣ್ಣಾರೆ ಕಂಡ ಮೇಲೆಯೇ ಮುಂದಿನ ತುತ್ತು. ಮೂಗು ಹಿಡಿದು, ಅಥವಾ ಅಳುವಾಗ ಬಾಯಿಗೆ ಸುರಿದು ಎಂದಿಗೂ ಉಣಿಸಬೇಡಿ.

ನಮ್ಮ ಅಡುಗೆಯಲ್ಲೂ ಎಚ್ಚರ ಬೇಕಾದುದಿದೆ. ಮುದ್ದೆಯನ್ನು ನಾವು ಅಗಿಯದೆ ನುಂಗುತ್ತೇವೆ. ಈ ಮಕ್ಕಳಿಗೆ ಆ ಅಂಟು ತುತ್ತು ಗಂಟಲಲ್ಲೇ ನಿಲ್ಲಬಹುದು. ತಿಳಿಸಾರು ಕಲಸಿದ ಅನ್ನದಲ್ಲಿ ನೀರು ಮೊದಲೇ ಜಾರಿ, ಅಗುಳು ಬಾಯಲ್ಲೇ ಉಳಿಯುತ್ತದೆ. ಸಿಪ್ಪೆ ಸಹಿತ ಅವರೆಕಾಳು, ಕಡಲೆಬೀಜ, ಮಂಡಕ್ಕಿ ಬೇಡ. ಹಿಸುಕಿದ ಅವರೆಬೇಳೆಯನ್ನು ಮೆತ್ತಗೆ ಬೇಯಿಸಿ, ಅನ್ನದೊಂದಿಗೆ ನುಣ್ಣಗೆ ಅರೆದು, ತುಪ್ಪ ಬೆರೆಸಿ ಒಂದೇ ಹದಕ್ಕೆ ತಂದರೆ ಅನೇಕ ಮಕ್ಕಳಿಗೆ ಸುಲಭವಾಗುತ್ತದೆ. ತೆಳುವಾದ ನೀರು ಕೆಲವರಿಗೆ ಎಲ್ಲಕ್ಕಿಂತ ಕಷ್ಟ. ಆದರೆ ಎಷ್ಟು ಗಟ್ಟಿಯಾಗಿಸಬೇಕೆಂಬುದನ್ನು, ವಿಶೇಷವಾಗಿ ಒಂದು ವರ್ಷದೊಳಗಿನ ಕೂಸಿಗೆ, ವೈದ್ಯರೇ ನಿರ್ಧರಿಸಬೇಕು. ಲೋಟ ಎತ್ತಿ ಕುಡಿಸುವ ರೂಢಿ ಬಿಡಿ. ಕಾಗದದ ಲೋಟದ ಅಂಚನ್ನು ಮೂಗು ತಾಗದಂತೆ ಅರ್ಧಚಂದ್ರಾಕಾರವಾಗಿ ಕತ್ತರಿಸಿದರೆ, ತಲೆ ಹಿಂದಕ್ಕೆ ವಾಲಿಸದೆ ಕುಡಿಯಬಹುದು.

ಊಟ ಸುಮಾರು 30 ನಿಮಿಷ ಮೀರಿದರೆ ಮಗು ದಣಿಯುತ್ತದೆ. ಸ್ವಲ್ಪ ಸ್ವಲ್ಪವಾಗಿ ಹೆಚ್ಚು ಬಾರಿ ಕೊಡಿ. ನಂತರ ಬಾಯಿ ಸ್ವಚ್ಛಗೊಳಿಸಿ, ಅರ್ಧ ಗಂಟೆ ನೆಟ್ಟಗೆ ಕೂರಿಸಿ. ಕೆಮ್ಮು ಬಂದರೆ ಮುಂದಕ್ಕೆ ಬಾಗಿಸಿ ಕೆಮ್ಮಲು ಬಿಡಿ, ನೀರು ಕುಡಿಸಬೇಡಿ. ತುಟಿ ನೀಲಿಯಾದರೆ, ದನಿಯೇ ಹೊರಡದಿದ್ದರೆ ತಕ್ಷಣ 108ಕ್ಕೆ ಕರೆ ಮಾಡಿ.

ಅಂಗನವಾಡಿಯಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣೆ ಉಚಿತ. ಅಲ್ಲಿಂದ ಜಿಲ್ಲಾ ಆಸ್ಪತ್ರೆಗೆ ಕಳುಹಿಸಿಕೊಡುತ್ತಾರೆ. ಹಾಸನದಿಂದ ರೈಲಿನಲ್ಲಿ ತಲುಪಬಹುದಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ನುಂಗುವಿಕೆಯ ತಜ್ಞರಿದ್ದಾರೆ. ಹೋಗುವ ಮುನ್ನ ಮನೆಯ ಒಂದು ಊಟವನ್ನು ಮೊಬೈಲಿನಲ್ಲಿ ಚಿತ್ರೀಕರಿಸಿಕೊಳ್ಳಿ. ಮಗು ದಿನಾ ಬಳಸುವ ಚಮಚ, ಲೋಟಗಳನ್ನೂ ಡಬ್ಬಿಯಲ್ಲಿ ಅದೇ ಊಟವನ್ನೂ ಜೊತೆಗೆ ಒಯ್ಯಿರಿ. ಅಪರಿಚಿತ ಕೋಣೆಯಲ್ಲಿ ಮಗು ಬಾಯಿ ತೆರೆಯದಿದ್ದರೂ ತಜ್ಞರಿಗೆ ನೋಡಲು ಏನಾದರೂ ಇರುತ್ತದೆ.