ಫೋಟೋ ಅಪ್‌ಲೋಡ್ ಆಗ್ತಿಲ್ವಾ?

ದಾವಣಗೆರೆಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಆನ್‌ಲೈನ್ ಅರ್ಜಿಯನ್ನೂ ತುಂಬಿಕೊಡುತ್ತೇನೆ. ಫೋಟೋ ಅಪ್‌ಲೋಡ್ ಆಗಲಿಲ್ಲ ಅಂದರೆ ಎಲ್ಲರೂ ನೆಟ್‌ಗೆ ಬೈಯುತ್ತಾರೆ. ನಾನು ಮೊದಲು ನೋಡುವುದು ಸೈಜು. ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್ ನೋಡಿ. ಫಾರಂ ಕೇಳಿದ್ದು 50 ಕೆಬಿ, ಮೊಬೈಲ್ ಫೋಟೋ 4 ಎಂಬಿ ಇದ್ದರೆ ಹೇಗೆ ಹಿಡಿಸುತ್ತೆ ಹೇಳಿ? ಪೇಂಟ್‌ನಲ್ಲಿ ತೆರೆದು ಮುಖದ ಸುತ್ತ ಕ್ರಾಪ್ ಮಾಡಿ. ರೀಸೈಜ್‌ನಲ್ಲಿ ಅಗಲ 200 ಪಿಕ್ಸೆಲ್ ಕೊಟ್ಟು, ಜೆಪಿಜಿಯಾಗಿ ಸೇವ್ ಮಾಡಿ.

ಮೊನ್ನೆ ಒಬ್ಬ ಹುಡುಗ ಐಫೋನ್ ಫೋಟೋ ತಂದಿದ್ದ. ಹೆಸರಿನ ಕೊನೆಗೆ ಜೆಪಿಜಿ ಅಂತಲೇ ಇತ್ತು, ಆದರೂ ಫಾರಂ ಒಪ್ಪಲಿಲ್ಲ. ಕೇಳಿದರೆ, ಎಚ್‌ಇಐಸಿ (ಐಫೋನ್ ಫೋಟೋ ಉಳಿಸುವ ಬೇರೆ ಫಾರ್ಮ್ಯಾಟ್) ಅಂತಿದ್ದದ್ದನ್ನು ಸುಮ್ನೆ ಅವನೇ ತಿದ್ದಿದ್ದನಂತೆ! ಬೋರ್ಡ್ ಬದಲಿಸಿದರೆ ಒಳಗಿನ ಸಾಮಾನು ಬದಲಾಗಲ್ಲ ಅಲ್ವಾ? ಕ್ಯಾಮೆರಾ ಸೆಟ್ಟಿಂಗ್‌ನ ಫಾರ್ಮ್ಯಾಟ್ಸ್‌ನಲ್ಲಿ ‘ಮೋಸ್ಟ್ ಕಂಪ್ಯಾಟಿಬಲ್’ ಒತ್ತಿಸಿದೆ, ಆಗ ಫೋಟೋ ನಿಜವಾದ ಜೆಪಿಜಿಯಾಗೇ ಉಳಿಯುತ್ತೆ. ಆಮೇಲೆ ಅಂಗಡಿಯ ಬಿಳಿ ಗೋಡೆ ಮುಂದೆ ನಿಲ್ಲಿಸಿ ಹೊಸದಾಗಿ ಫೋಟೋ ತೆಗೆದೆ.