ಬೀಳ್ಕೊಡುಗೆಯ ಸ್ಮರಣ ಸಂಚಿಕೆ: ಹೊರಟ ಮಕ್ಕಳಿಂದ ನಿಜವಾದ ಮಾತು ಬರೆಸುವುದು ಹೇಗೆ

ಇಂಟರ್‌ನ್ಯಾಷನಲ್ ಶಾಲೆಗಳ ಹನ್ನೆರಡನೇ ತರಗತಿಯ ಸ್ಮರಣ ಸಂಚಿಕೆಗಳನ್ನು ನಾಲ್ಕಾರು ಒಟ್ಟಿಗೆ ಇಟ್ಟುಕೊಂಡು ಓದಿ ನೋಡಿ. ಹೆಸರು ಬೇರೆ, ದೇಶ ಬೇರೆ, ಬರಹ ಮಾತ್ರ ಒಂದೇ ಅಚ್ಚಿನದು. ಎಲ್ಲರಿಗೂ ಶಾಲೆ ಎರಡನೇ ಮನೆ, ಎಲ್ಲರಿಗೂ ಗೆಳೆಯರೇ ಕುಟುಂಬ. ಇದಕ್ಕೆ ಮಕ್ಕಳನ್ನು ದೂರಿ ಫಲವಿಲ್ಲ. "ಇಷ್ಟು ವರ್ಷಗಳ ನಿಮ್ಮ ಅನುಭವ ಬರೆಯಿರಿ" ಎಂದು ಕೇಳಿದವರಿಗೆ ಸಿಗುವುದೇ ಅಷ್ಟು. ಸಂಚಿಕೆ ಕೆಡುವುದು ಪ್ರಶ್ನೆ ಕಳಿಸುವ ದಿನವೇ. ಪುಟ ಕಟ್ಟುವಾಗ ಎಷ್ಟು ಅಂದ ಮಾಡಿದರೂ ಆಮೇಲೆ ಅದು ಸರಿಹೋಗುವುದಿಲ್ಲ. ಹಾಗಾಗಿ ಸಂಪಾದಕ ಮಂಡಳಿಯ ಶ್ರಮದಲ್ಲಿ ಅರ್ಧಕ್ಕಿಂತ ಹೆಚ್ಚು ಬರಹ ಕೈಗೆ ಬರುವ ಮೊದಲೇ ಖರ್ಚಾಗಬೇಕು.

ಯಾವ ತಿಂಗಳು ಕೇಳಬೇಕು

ಮೇ ತಿಂಗಳಲ್ಲಿ ಪರೀಕ್ಷೆಗೆ ಕೂರುವ ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್) ಡಿಪ್ಲೊಮಾ ತರಗತಿಯನ್ನೇ ತೆಗೆದುಕೊಳ್ಳಿ. 4,000 ಪದಗಳ ಎಕ್ಸ್‌ಟೆಂಡೆಡ್ ಎಸ್ಸೆ (ಸಂಶೋಧನಾ ಪ್ರಬಂಧ), 1,600 ಪದಗಳ ಟಿಒಕೆ (ಥಿಯರಿ ಆಫ್ ನಾಲೆಡ್ಜ್) ಪ್ರಬಂಧ, ಒಂದೊಂದು ವಿಷಯದ ಇಂಟರ್ನಲ್ ಅಸೆಸ್‌ಮೆಂಟ್ (ಶಾಲೆಯಲ್ಲೇ ಮಾಡಿ ಅಂಕ ಪಡೆಯುವ ಕೆಲಸ), ಎಲ್ಲವೂ ಏಪ್ರಿಲ್ ಒಳಗೆ ಸಲ್ಲಿಕೆಯಾಗಬೇಕು. ಶಾಲೆ ತಾನೇ ಹಾಕಿಕೊಂಡ ಗಡುವು ಅದಕ್ಕಿಂತ ಮುಂಚೆ ಇರುತ್ತದೆ. ಮಾರ್ಚ್‌ನಲ್ಲಿ ನೆನಪಿನ ಬರಹ ಕೇಳಿದರೆ ಹತ್ತು ನಿಮಿಷದಲ್ಲಿ ಗೀಚಿದ್ದು ಬರುತ್ತದೆ, ಇಲ್ಲವೇ ಬರುವುದೇ ಇಲ್ಲ. ಡಿಸೆಂಬರ್‌ನಲ್ಲಿ ಕೇಳಿದರೂ ಕಷ್ಟ. ಆಗ ಎಲ್ಲರೂ ವಿಶ್ವವಿದ್ಯಾಲಯದ ಅರ್ಜಿಯಲ್ಲಿ ಮುಳುಗಿರುತ್ತಾರೆ, ಅಮೆರಿಕದ ಕಾಲೇಜುಗಳ ಸಾಮಾನ್ಯ ಅರ್ಜಿಯಾದ ಕಾಮನ್ ಆ್ಯಪ್‌ಗೆ ಬರೆದ 650 ಪದಗಳ ಪ್ರಬಂಧವನ್ನೇ ಕತ್ತರಿಸಿ ಕಳಿಸುತ್ತಾರೆ. ಪ್ರವೇಶ ಸಮಿತಿಯನ್ನು ಮೆಚ್ಚಿಸಲು ಬರೆದದ್ದನ್ನು ಗೆಳೆಯರು ಓದಿದರೆ ನಗುತ್ತಾರೆ.

ಬ್ರಿಟನ್ನಿನ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕುವ ಯೂಕಾಸ್‌ನ ಮುಖ್ಯ ಗಡುವು, ಅಮೆರಿಕದ ಹೆಚ್ಚಿನ ರೆಗ್ಯುಲರ್ ಅರ್ಜಿಗಳು ಜನವರಿಯಲ್ಲಿ ಮುಗಿಯುತ್ತವೆ. ಜನವರಿ ಕೊನೆಯಿಂದ ಫೆಬ್ರವರಿ ಮಧ್ಯದವರೆಗಿನ ಮೂರು ವಾರವೇ ನಿಮಗಿರುವ ಬಿಡುವು. ಮಾಕ್ (ಪೂರ್ವಸಿದ್ಧತಾ) ಪರೀಕ್ಷೆ ಯಾವ ವಾರ ಬಿದ್ದಿದೆ ಎಂದು ಮಾತ್ರ ನೋಡಿಕೊಳ್ಳಿ. ನವೆಂಬರ್ ಪರೀಕ್ಷೆಯ ಶಾಲೆಗಳು ಇದೇ ಲೆಕ್ಕವನ್ನು ಆರು ತಿಂಗಳು ಸರಿಸಿಕೊಂಡರೆ ಸಾಕು, ಅರ್ಜಿಯ ಗಡುವುಗಳನ್ನು ಮಾತ್ರ ಬೇರೆಯಾಗಿ ನೋಡಬೇಕು. ಮೇ ಪರೀಕ್ಷೆಯ ಫಲಿತಾಂಶ ಜುಲೈ ಮೊದಲ ವಾರ ಬರುತ್ತದೆ. ಅದಕ್ಕಾಗಿ ಕಾಯಲೇಬೇಡಿ. ಒಟ್ಟು 45 ಅಂಕಕ್ಕೆ ಎಷ್ಟು ಬಂತು ಎಂಬುದು ತಿಳಿದ ಮೇಲೆ ಬರೆದ ನೆನಪಿಗೆಲ್ಲ ಅಂಕದ ಬಣ್ಣ ಬಳಿದಿರುತ್ತದೆ.

ಮುಖ್ಯ ಬರಹವನ್ನು ಮನೆಗೆ ಕಳಿಸಬೇಡಿ. 40 ನಿಮಿಷದ ಒಂದು ಪೀರಿಯಡ್ ಕೇಳಿ ಪಡೆದು, ಫೋನು ಲ್ಯಾಪ್‌ಟಾಪ್ ಪಕ್ಕಕ್ಕಿಟ್ಟು, ಕಾಗದದ ಮೇಲೆ ಕೈಯಿಂದ ಬರೆಸಿ. ಎಐ ಬರೆದುಕೊಟ್ಟ ನುಣುಪಾದ ಪ್ಯಾರಾ ಬರುವ ತಾಪತ್ರಯ ಇದರಿಂದ ಹೆಚ್ಚುಪಾಲು ತಪ್ಪುತ್ತದೆ. ಮೊದಲ ಐದು ನಿಮಿಷ ಯಾರೂ ಬರೆಯುವುದಿಲ್ಲ, ಗಾಬರಿಯಾಗಬೇಡಿ. ಹದಿನೈದನೇ ನಿಮಿಷದ ಹೊತ್ತಿಗೆ ಕೋಣೆ ನಿಶ್ಶಬ್ದವಾಗುತ್ತದೆ. ಟೈಪ್ ಮಾಡಿ ಕೊಡಲು ಒಂದು ವಾರ ಬಿಡಿ, ಆದರೆ ಕೈಬರಹದ ಹಾಳೆ ನಿಮ್ಮ ಹತ್ತಿರವೇ ಇರಲಿ. ಟೈಪ್ ಮಾಡುವಾಗ ಒಳ್ಳೆಯ ಸಾಲುಗಳನ್ನೇ ನಾಚಿಕೆಯಿಂದ ತೆಗೆದುಬಿಡುವುದುಂಟು. "ಇದನ್ನು ಯಾಕೆ ತೆಗೆದೆ?" ಎಂದು ಕೇಳಲು ಆ ಹಾಳೆ ಬೇಕು.

ಪ್ರಶ್ನೆಯಲ್ಲಿ ಜಾಗ ಇರಬೇಕು, ಹೊತ್ತು ಇರಬೇಕು

ಐಬಿ ಮಕ್ಕಳಿಗೆ ರಿಫ್ಲೆಕ್ಷನ್ (ತನ್ನ ಅನುಭವವನ್ನು ತಾನೇ ಅವಲೋಕಿಸಿ ಬರೆಯುವುದು) ಎಂಬ ಪದ ಕೇಳಿದರೇ ಸುಸ್ತು. ಸಿಎಎಸ್ (ಸೃಜನಶೀಲತೆ, ದೈಹಿಕ ಚಟುವಟಿಕೆ, ಸೇವೆ) ಎಂಬ ಕಡ್ಡಾಯ ಭಾಗಕ್ಕಾಗಿ ಕನಿಷ್ಠ 18 ತಿಂಗಳು, ಏಳು ಕಲಿಕಾ ಫಲಗಳಿಗೆ ಹೊಂದಿಸಿ ಹೊಂದಿಸಿ ಬರೆದು ಕೈ ಪಳಗಿರುತ್ತದೆ. ನೀವು ಏನೇ ಕೇಳಿದರೂ ಅದೇ ಅಚ್ಚಿಗೆ ಸುರಿಯುತ್ತಾರೆ: ಒಂದು ಸವಾಲು, ಅದರಿಂದ ಒಂದು ಪಾಠ, ಕೊನೆಗೆ ಸಹಕಾರದ ಮಹತ್ವ. ಆದ್ದರಿಂದ ಪ್ರಶ್ನೆಪತ್ರಿಕೆಯಲ್ಲಿ ರಿಫ್ಲೆಕ್ಷನ್ ಎಂಬ ಪದವನ್ನೇ ಬಳಸಬೇಡಿ. ವಿದ್ಯಾರ್ಥಿಯಲ್ಲಿ ಇರಬೇಕೆಂದು ಐಬಿ ಪಟ್ಟಿಮಾಡಿದ ಲರ್ನರ್ ಪ್ರೊಫೈಲ್‌ನ ಹತ್ತು ಗುಣಗಳಲ್ಲಿ ಯಾವುದನ್ನೂ (ಓಪನ್-ಮೈಂಡೆಡ್, ರಿಸ್ಕ್-ಟೇಕರ್, ಬ್ಯಾಲೆನ್ಸ್ಡ್ ಇತ್ಯಾದಿ) ಬರಹದಲ್ಲಿ ತರುವಂತಿಲ್ಲ ಎಂದು ನಿಯಮ ಹಾಕಿ. ಮಕ್ಕಳು ಮೊದಲು ನಗುತ್ತಾರೆ, ಆಮೇಲೆ ಆ ಪದಗಳಿಲ್ಲದೆ ಬರೆಯುವುದು ಎಷ್ಟು ಕಷ್ಟ ಎಂದು ಗೊತ್ತಾಗುತ್ತದೆ.

ಎಂಟು ಪ್ರಶ್ನೆ ಕೊಟ್ಟು, ಯಾವುದಾದರೂ ಎರಡಕ್ಕೆ ಉತ್ತರಿಸಿ ಎನ್ನಿ. ಚೆನ್ನಾಗಿ ಕೆಲಸ ಮಾಡುವ ಕೆಲವು:

ಮೊದಲ ದಿನ ಮಧ್ಯಾಹ್ನ ಯಾರ ಪಕ್ಕ ಕೂತು ಊಟ ಮಾಡಿದೆ? ಈಗ ಅವರ ಜೊತೆ ಮಾತಿದೆಯೇ?
ಶಾಲೆಯಲ್ಲಿ ಯಾವ ಬಾಗಿಲು, ಮೆಟ್ಟಿಲು ಅಥವಾ ಬೆಂಚು ನಿನ್ನದು ಎನ್ನಿಸುತ್ತದೆ? ಅಲ್ಲಿ ಏನು ನಡೆಯಿತು?
ಮನೆಯ ಭಾಷೆಯ ಯಾವ ಮಾತನ್ನು ಇಲ್ಲಿ ಯಾರಿಗೂ ಅರ್ಥ ಮಾಡಿಸಲು ಆಗಲಿಲ್ಲ?
ನಡುವೆ ಶಾಲೆ ಬಿಟ್ಟು ಹೋದವರಲ್ಲಿ ಯಾರು ಈ ಪುಸ್ತಕದಲ್ಲಿ ಇರಬೇಕಿತ್ತು?
ಯಾವ ವಿಷಯದಲ್ಲಿ ಶಾಲೆ ನಿನಗೆ ಸರಿಹೊಂದಲಿಲ್ಲ?

ಕೊನೆಯ ಪ್ರಶ್ನೆ ಹಾಕಲು ಆಡಳಿತ ಹಿಂಜರಿಯಬಹುದು. ಅದು ಇರಲೇಬೇಕು. ಅದಿಲ್ಲದ ಸಂಚಿಕೆ ಶಾಲೆಯ ಪ್ರವೇಶ ವಿಭಾಗದ ಕೈಪಿಡಿಯಂತೆ ಕಾಣುತ್ತದೆ.

"ನಿನ್ನ ಊರು ಯಾವುದು?" ಎಂಬ ಕಾಲಂ ಮಾತ್ರ ಬೇಡ. ಅಪ್ಪನ ಅಥವಾ ಅಮ್ಮನ ವರ್ಗಾವಣೆಯ ಹಿಂದೆ ಮೂರು ನಾಲ್ಕು ದೇಶ ಸುತ್ತಿದ ಮಕ್ಕಳಿಗೆ ಇದಕ್ಕಿಂತ ಇಕ್ಕಟ್ಟಿನ ಪ್ರಶ್ನೆ ಇಲ್ಲ. 1950ರ ದಶಕದಲ್ಲಿ ಸಮಾಜಶಾಸ್ತ್ರಜ್ಞೆ ರೂತ್ ಹಿಲ್ ಯೂಸೀಮ್ ಭಾರತದಲ್ಲಿದ್ದ ಅಮೆರಿಕನ್ ಕುಟುಂಬಗಳನ್ನು ಅಧ್ಯಯನ ಮಾಡುವಾಗ ಇಂಥವರನ್ನು 'ಥರ್ಡ್ ಕಲ್ಚರ್ ಕಿಡ್ಸ್' ಎಂದು ಕರೆದರು. ಪಾಸ್‌ಪೋರ್ಟಿನ ದೇಶ ಒಂದು, ಹುಟ್ಟಿದ್ದು ಇನ್ನೊಂದು, ಅಜ್ಜಿ ಇರುವುದು ಮತ್ತೊಂದು. ಅದರ ಬದಲು "ಎಲ್ಲೆಲ್ಲಿ ಇದ್ದೆ, ಎಷ್ಟೆಷ್ಟು ವರ್ಷ?" ಎಂದು ಕೇಳಿ. ಉತ್ತರ ಒಂದೇ ಸಾಲಿನಲ್ಲಿ ಬರುತ್ತದೆ, ಓದಲು ಕುತೂಹಲವೂ ಇರುತ್ತದೆ.

ನರ್ಸರಿಯಿಂದ ಇದ್ದವರು, ಹನ್ನೊಂದಕ್ಕೆ ಸೇರಿದವರು ಒಂದೇ ತರಗತಿಯಲ್ಲಿ ಇರುತ್ತಾರೆ. ಎರಡೇ ವರ್ಷ ಇದ್ದವರು "ನನಗೇನು ನೆನಪಿದೆ ಬರೆಯೋಕೆ" ಎಂದು ಹಿಂದೆ ಸರಿಯುತ್ತಾರೆ. ವಾಸ್ತವದಲ್ಲಿ ಅವರ ಬರಹವೇ ಹೆಚ್ಚು ಚುರುಕಾಗಿರುತ್ತದೆ, ಏಕೆಂದರೆ ಉಳಿದವರು ನೋಡುವುದನ್ನೇ ಬಿಟ್ಟ ಸಂಗತಿಗಳು ಅವರಿಗೆ ಇನ್ನೂ ಹೊಸದು. ಅವರನ್ನು ಬಿಡಬೇಡಿ.

ಬಂದದ್ದನ್ನು ತಿದ್ದುವುದು

ಕೇಳುವುದು 300 ಪದ, ಹಾಕುವುದು 200ರಿಂದ 220 ಪದ. ಈ ಅಂತರ ಬೇಕೇ ಬೇಕು. ಹೆಚ್ಚಿನ ಬರಹಗಳಲ್ಲಿ ಮೊದಲ ಪ್ಯಾರಾವನ್ನು ಕಣ್ಣುಮುಚ್ಚಿ ತೆಗೆಯಬಹುದು, ಅದು ಗಂಟಲು ಸರಿಮಾಡಿಕೊಳ್ಳುವ ಸದ್ದು ಅಷ್ಟೇ.

ಸಪ್ಪೆ ಸಾಲು ಬಂದಾಗ ನೀವೇ ಕೂತು ಅದನ್ನು ಚಂದ ಮಾಡಬೇಡಿ. ಬರೆದವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಯಾರು, ಎಲ್ಲಿ, ಆಮೇಲೇನಾಯಿತು ಎಂದು ಮೂರು ಸಲ ಕೇಳಿ. "ಈ ಶಾಲೆ ನನಗೆ ಬೇರೆ ಸಂಸ್ಕೃತಿಗಳನ್ನು ಗೌರವಿಸಲು ಕಲಿಸಿತು" ಎಂದು ಒಬ್ಬ ಹುಡುಗ ಬರೆದಿದ್ದಾನೆ ಎಂದುಕೊಳ್ಳಿ. ಯಾರಿಂದ ಕಲಿತೆ? "ಕೊರಿಯಾದ ಒಬ್ಬಳು ಇದ್ದಳು." ಎಲ್ಲಿ ಸಿಕ್ಕಳು? "ಕ್ಯಾಂಟೀನ್‌ನಲ್ಲಿ, ಮೊದಲ ದಿನ." ಏನಾಯಿತು? ಈಗ ಬರುವುದು ಹೀಗಿರಬಹುದು: "ತಟ್ಟೆ ಹಿಡಿದು ನಿಂತಿದ್ದೆ. ಅವಳು ಬ್ಯಾಗು ಎತ್ತಿ ಜಾಗ ಮಾಡಿದಳು. ಅವಳ ಹೆಸರು ಸರಿಯಾಗಿ ಹೇಳಲು ನನಗೆ ಮೂರು ವಾರ ಬೇಕಾಯಿತು, ಅಷ್ಟೂ ದಿನ ಅವಳು ತಿದ್ದಲಿಲ್ಲ." ಗೌರವ ಎಂಬ ಪದ ಎಲ್ಲೂ ಇಲ್ಲ. ಹೀಗೆ ಒಬ್ಬರಿಗೆ 15 ನಿಮಿಷ ಹಿಡಿಯುತ್ತದೆ. 48 ಮಕ್ಕಳಿದ್ದರೆ 12 ಗಂಟೆ, ನಾಲ್ವರು ಸಂಪಾದಕರು ಹಂಚಿಕೊಂಡರೆ ತಲೆಗೆ ಮೂರು ಗಂಟೆ.

ಇಂಗ್ಲಿಷ್ ತಡವಾಗಿ ಕಲಿತವರ ವಾಕ್ಯಗಳನ್ನು ಪೂರ್ತಿ ನೇರ ಮಾಡಲು ಹೋಗಬೇಡಿ. ಕಾಗುಣಿತ, ಇಸವಿ, ಹೆಸರು, ಅರ್ಥವೇ ಆಗದ ಕಡೆ ಒಂದೆರಡು ಪದ ತಿದ್ದಿದರೆ ಸಾಕು. ಬರೆಯಲು ಒಪ್ಪದವರನ್ನು 20 ನಿಮಿಷ ಮಾತನಾಡಿಸಿ, ರೆಕಾರ್ಡ್ ಮಾಡಿ, ಅದರಿಂದ 200 ಪದ ಎತ್ತಿಕೊಳ್ಳಿ. ಮನೆಭಾಷೆಯಲ್ಲೇ ಬರೆಯುತ್ತೇನೆ ಎಂದವರಿಗೆ ಹಾಗೇ ಬರೆಯಲು ಬಿಡಿ. ಕೆಳಗೆ ಎರಡು ಸಾಲಿನ ಸಾರಾಂಶ ಅವರಿಂದಲೇ ಬರೆಸಿ.

ತೆಗೆಯಲೇಬೇಕಾದದ್ದು ಏನು? ಮೂರನೆಯವರ ಗುಟ್ಟು, ಹೆಸರು ಹಿಡಿದು ಮಾಡಿದ ಅವಮಾನ, ಮುಂದೆ ಇರಲಿರುವ ಹಾಸ್ಟೆಲ್ ವಿಳಾಸ, ಫೋನ್ ನಂಬರ್. ಶಾಲೆಯ ಬಗೆಗಿನ ಅಸಮಾಧಾನ ಈ ಪಟ್ಟಿಯಲ್ಲಿ ಇಲ್ಲ. "ಮೊದಲ ವರ್ಷ ನನ್ನ ಜೊತೆ ಯಾರೂ ಮಾತಾಡಲಿಲ್ಲ" ಎಂಬ ಸಾಲನ್ನು ಅಳಿಸಿದರೆ ಉಳಿದದ್ದೆಲ್ಲ ಸುಳ್ಳಾಗುತ್ತದೆ. ಆದರೆ ಹಿಂಸೆ, ಕಿರುಕುಳ, ತನಗೆ ತಾನೇ ಹಾನಿ ಮಾಡಿಕೊಂಡ ಮಾತು ಬಂದರೆ ಅದು ಸಂಪಾದಕರು ನಿಭಾಯಿಸುವ ವಿಷಯವಲ್ಲ. ಅದೇ ದಿನ ಶಾಲೆಯ ಕೌನ್ಸೆಲರ್‌ಗೆ ತಿಳಿಸಬೇಕು, ಮತ್ತು ಹೀಗೆ ತಿಳಿಸುತ್ತೇವೆ ಎಂದು ಬರೆಸುವ ಮುನ್ನವೇ ಎಲ್ಲರಿಗೂ ಹೇಳಿರಬೇಕು.

ತಿದ್ದಿದ ಪ್ರತಿಯನ್ನು ಬರೆದವರಿಗೆ ತೋರಿಸಿ, ಮೂರು ದಿನ ಕೊಟ್ಟು, ಒಪ್ಪಿಗೆಯ ಸಹಿ ಹಾಕಿಸಿ. 18 ತುಂಬದವರಿಗೆ ಬರಹ ಮತ್ತು ಫೋಟೊ ಎರಡಕ್ಕೂ ಪೋಷಕರ ಸಹಿ ಬೇಕು. ಮುದ್ರಣಕ್ಕೆ ಕೊಟ್ಟ ಒಪ್ಪಿಗೆ ಆನ್‌ಲೈನ್‌ಗೆ ಹಾಕಲು ಸಾಲದು, ಅದಕ್ಕೆ ಬೇರೆ ಕಾಲಂ ಇಡಿ.

ಹೆಸರು ಮತ್ತು ಲಿಪಿ

ಅತಿ ಹೆಚ್ಚು ಮನಸ್ತಾಪ ಆಗುವುದು ಇಲ್ಲಿ. ಶಾಲೆಯ ದಾಖಲೆಯಿಂದ ಹೆಸರು ನಕಲು ಮಾಡಬೇಡಿ. ಚೀನಾ, ಕೊರಿಯಾದವರ ಮನೆತನದ ಹೆಸರು ಮೊದಲು ಬರುತ್ತದೆ, ಸ್ಪೇನಿನವರಿಗೆ ಎರಡೆರಡು ಮನೆತನದ ಹೆಸರು, ಐಸ್‌ಲ್ಯಾಂಡಿನ ಹೆಚ್ಚಿನವರಿಗೆ ಮನೆತನದ ಹೆಸರೇ ಇಲ್ಲ, ನಮ್ಮ ಕಡೆಯವರದು ಇನಿಷಿಯಲ್ ಮುಂದೋ ಹಿಂದೋ ಎಂಬ ಗೊಂದಲ. "ಪುಟದ ಮೇಲೆ ನಿನ್ನ ಹೆಸರು ಹೇಗೆ ಬರಬೇಕು?" ಎಂದು ಒಬ್ಬೊಬ್ಬರ ಕೈಯಲ್ಲೇ ಬರೆಸಿ. ಕರೆಯುವ ಹೆಸರಿನ ಅಕಾರಾದಿಯಲ್ಲಿ ಪುಟ ಜೋಡಿಸಿದರೆ ಜಗಳ ಕಡಿಮೆ.

ತಮ್ಮ ಲಿಪಿಯಲ್ಲೂ ಹೆಸರು ಇರಲಿ ಎಂದು ಮಕ್ಕಳು ಬಯಸುತ್ತಾರೆ, ಅದು ಚಂದವೂ ಹೌದು. ಆದರೆ ಪುಟ ಕಟ್ಟುವ ತಂತ್ರಾಂಶವಾದ ಇನ್‌ಡಿಸೈನ್‌ನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಎಂಬ ಆಯ್ಕೆಯನ್ನು ಆಯ್ದುಕೊಳ್ಳದಿದ್ದರೆ ಅರಬ್ಬಿ ಅಕ್ಷರಗಳು ಬಿಡಿಬಿಡಿಯಾಗಿ ತಿರುಗುಮುರುಗಾಗುತ್ತವೆ, ಕನ್ನಡದ ಒತ್ತಕ್ಷರ ಕೆಳಗಿಳಿಯದೆ ಪಕ್ಕದಲ್ಲೇ ನಿಲ್ಲುತ್ತದೆ. ಪುಟ ಕಟ್ಟುವವರಿಗೆ ಆ ಲಿಪಿ ಓದಲು ಬಾರದ ಕಾರಣ ತಪ್ಪು ಕಣ್ಣಿಗೇ ಬೀಳುವುದಿಲ್ಲ. ಹಲವು ಲಿಪಿಗಳಿಗೆ ಸಿಗುವ ನೋಟೊ ಫಾಂಟ್ ಬಳಸಿ, ಪಿಡಿಎಫ್ ಮಾಡಿದ ಮೇಲೆ ಆಯಾ ಭಾಷೆ ಬಲ್ಲವರಿಗೇ ತೋರಿಸಿ. ಜಾಗದ ಲೆಕ್ಕವೂ ಬೇರೆ: ಇಂಗ್ಲಿಷಿನ 220 ಪದ ಹಿಡಿಯುವ ಪುಟದಲ್ಲಿ ಕನ್ನಡದ್ದು 140–150ಕ್ಕಿಂತ ಹೆಚ್ಚು ಹಿಡಿಯುವುದು ಕಷ್ಟ.

ಪುಟ, ಫೋಟೊ, ಅಚ್ಚು

ಎ5 ಅಳತೆ, ತಲೆಗೊಂದು ಪುಟ. 48 ಮಕ್ಕಳಿಗೆ 48 ಪುಟ, ಮುನ್ನುಡಿ, ನಡುವೆ ಬಿಟ್ಟುಹೋದವರು, ಶಾಲೆ ಬಿಡುತ್ತಿರುವ ಶಿಕ್ಷಕರು ಸೇರಿ 8, ಒಟ್ಟು 56. ಸೆಂಟರ್ ಪಿನ್ (ನಡುಮಡಿಕೆಗೆ ಪಿನ್) ಹಾಕಿಸುವುದಾದರೆ ಪುಟಗಳ ಸಂಖ್ಯೆ ನಾಲ್ಕರಿಂದ ಭಾಗವಾಗಲೇಬೇಕು, ಇಲ್ಲದಿದ್ದರೆ ಕೊನೆಗೆ ಖಾಲಿ ಪುಟ ಉಳಿಯುತ್ತದೆ. 64 ಪುಟ ದಾಟಿದರೆ ಪುಸ್ತಕ ಬಾಯಿ ತೆರೆದುಕೊಂಡು ನಿಲ್ಲುತ್ತದೆ, ಆಗ ಪರ್ಫೆಕ್ಟ್ ಬೈಂಡಿಂಗ್ (ಬೆನ್ನಿಗೆ ಅಂಟು ಹಚ್ಚುವ ಬೈಂಡಿಂಗ್) ಮಾಡಿಸಿ, ಒಳ ಅಂಚು 20 ಮಿ.ಮೀ. ಬಿಡಿ. ಕಾಗದದ ದಪ್ಪ ಒಳಪುಟಕ್ಕೆ 100 ಜಿಎಸ್‌ಎಂ (ಚದರ ಮೀಟರಿಗೆ ಗ್ರಾಂ), ಹೊದಿಕೆಗೆ 250. ಅಂಚಿನವರೆಗೆ ಫೋಟೊ ಇದ್ದರೆ ಸುತ್ತ 3 ಮಿ.ಮೀ. ಬ್ಲೀಡ್ (ಕತ್ತರಿಸಿ ಹೋಗುವ ಹೆಚ್ಚುವರಿ ಅಂಚು).

ಫೋಟೊ ಮಸುಕಾಗುವುದಕ್ಕೆ ಸಾಮಾನ್ಯ ಕಾರಣ ವಾಟ್ಸ್‌ಆ್ಯಪ್. ಚಿತ್ರವಾಗಿ ಕಳಿಸಿದರೆ ಅದು ಕುಗ್ಗಿಸುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. 10 ಸೆಂ.ಮೀ. ಅಗಲಕ್ಕೆ 300 ಡಿಪಿಐನಲ್ಲಿ ಸುಮಾರು 1,200 ಪಿಕ್ಸೆಲ್ ಬೇಕು. ಫೈಲಿಗೆ ಹೆಸರು ಕೊಡುವುದು ಒಬ್ಬರ ಕೆಲಸವಾಗಿರಲಿ. ಇಬ್ಬರು ಸೇರಿದರೆ ಒಬ್ಬಳ ಬರಹದ ಮೇಲೆ ಇನ್ನೊಬ್ಬಳ ಮುಖ ಕೂರುತ್ತದೆ. ಅಚ್ಚಿಗೆ ಹೋಗುವ ಮುನ್ನ ಕಾಗದದ ಮೇಲೆ ಒಂದು ಡಮ್ಮಿ ಪ್ರತಿ ತೆಗೆಸಿ, ಪ್ರತಿಯೊಬ್ಬರೂ ತಮ್ಮ ಪುಟ ನೋಡಿ ಮೂಲೆಯಲ್ಲಿ ಇನಿಷಿಯಲ್ ಹಾಕಲಿ. ಪರದೆಯ ಮೇಲೆ ತಪ್ಪಿಸಿಕೊಂಡ ತಪ್ಪು ಕಾಗದದ ಮೇಲೆ ಸಿಗುತ್ತದೆ.

ಪರೀಕ್ಷೆಯ ಕೊನೆಯ ಪತ್ರಿಕೆ ಬರೆದು ಹೊರಬರುವಾಗ ಹಾಲ್ ಬಾಗಿಲಲ್ಲಿ ಪೋಸ್ಟ್‌ಕಾರ್ಡ್ ಅಳತೆಯ ರಟ್ಟು ಕೊಟ್ಟು, ಆ ಕ್ಷಣಕ್ಕೆ ತೋಚಿದ ಒಂದು ಸಾಲು ಬರೆಸಿಕೊಳ್ಳಿ. ಅವನ್ನೆಲ್ಲ ಫೋಟೊ ತೆಗೆದು ಕೊನೆಯ ಎರಡು ಪುಟದಲ್ಲಿ ಹಾಗೇ ಹಾಕಬಹುದು. 56ರ ಲೆಕ್ಕದಲ್ಲಿ ಆ ಎರಡು ಪುಟ ಮೊದಲೇ ಹಿಡಿದಿಟ್ಟಿರಿ. ಕೆಲವರು ಅಂದು ರಾತ್ರಿಯೇ ವಿಮಾನ ಹತ್ತುವವರಿರುತ್ತಾರೆ, ಅಂಚೆ ವಿಳಾಸ, ಸ್ವಂತ ಇಮೇಲ್ ಅಲ್ಲೇ ಬರೆಸಿಕೊಳ್ಳಿ. ಶಾಲೆಯ ಇಮೇಲ್ ಖಾತೆ ಸಾಮಾನ್ಯವಾಗಿ ಕೆಲವೇ ತಿಂಗಳಲ್ಲಿ ಮುಚ್ಚುತ್ತದೆ. ಅದರ ಡ್ರೈವ್‌ನಲ್ಲೇ ಸಂಚಿಕೆಯ ಮೂಲ ಫೈಲುಗಳಿದ್ದರೆ ಅವೂ ಹೋಗುತ್ತವೆ. ಗ್ರಂಥಾಲಯದಲ್ಲಿ ಒಂದು ಪ್ರತಿ, ಹಾರ್ಡ್ ಡಿಸ್ಕಿನಲ್ಲಿ ಒಂದು ಪ್ರತಿ ಇಡಿ. ಒಟ್ಟು ಸಂಖ್ಯೆಗಿಂತ ಶೇ 10ರಷ್ಟು ಹೆಚ್ಚು ಅಚ್ಚು ಹಾಕಿಸಿ, ಏಕೆಂದರೆ ನಡುವೆ ಬಿಟ್ಟುಹೋದವರೂ ಒಂದು ಪ್ರತಿ ಕೇಳಿ ಬರೆಯುತ್ತಾರೆ.